ದೆವ್ವಕ್ಕೆ ಗೊತ್ತಿರದ ಜಾಗ

ಸಾಂತಾ ರೂಫಿನಾ, ಅಯಾಕುಚೊ
ನವೆಂಬರ್ ೨೧, ೨೦೦೪

ಪ್ರೀತಿಯ ತಮ್ಮ ಎಡಿಲ್ಬೆರ್ತೊ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ನಿನ್ನ ಕೆಮ್ಮು ಕೇಳಿದಾಗಿನಿಂದ ಅಮ್ಮನಿಗೆ ಅದೇ ಚಿಂತೆ. ಮಿಲಾನಿನ ಚಳಿಗೆ ಒಳಗೊಂದು ಉಣ್ಣೆಯಂಗಿ ಹಾಕಿಕೋ. ನೀನು ನೋಡಿಕೊಳ್ಳುವ ಆ ಮುದುಕರು ಈಗಲಾದರೂ ನಿನ್ನನ್ನು ಮಲಗಲು ಬಿಡುತ್ತಾರೆಯೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಅಮ್ಮನ ಕಣ್ಣು ಇನ್ನಷ್ಟು ಮಸುಕಾಗಿದೆ, ಆದರೆ ನನ್ನ ಅಡುಗೆಗೆ ಉಪ್ಪು ಹೆಚ್ಚಾದರೆ ಬಾಯಿ ಮಾತ್ರ ಮೊದಲಿನಷ್ಟೇ ಚುರುಕು.

ಸತ್ತವರ ಹಬ್ಬದ ದಿನ ಇಲ್ಲಿ ನಡೆದದ್ದನ್ನು ನಿನಗೆ ಫೋನಿನಲ್ಲಿ ಹೇಳಲಾಗಲಿಲ್ಲ, ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಸೇನೆಯ ಸಮವಸ್ತ್ರದವರು ಸೆವೆರೊ ಅಣ್ಣನನ್ನು ಲಾರಿಗೆ ಹತ್ತಿಸಿಕೊಂಡು ಹೋದ ಮೇಲೆ ಈ ಹಬ್ಬ ಅವಳಿಗೆ ಹೇಗೆ ಕಳೆಯುತ್ತದೆಂದು ನಿನಗೆ ಗೊತ್ತು. ಊರೆಲ್ಲ ರೊಟ್ಟಿ, ಹೂವು ಹಿಡಿದು ಗೋರಿಗಳ ಕಡೆ ಹೊರಟರೆ ಅವಳು ಕದ ಹಾಕಿಕೊಂಡು ಜೋಳ ಬಿಡಿಸುತ್ತ ಕೂರುತ್ತಾಳೆ. ಇಪ್ಪತ್ತು ವರ್ಷದಿಂದ ಒಂದೇ ಮಾತು, ಬದುಕಿರುವವನಿಗೆ ಗೋರಿ ಯಾಕೆ ಎಂದು. ಹೋಗಲು ಗೋರಿಯಿಲ್ಲದ ಇಂಥ ತಾಯಂದಿರು ನಮ್ಮೂರಲ್ಲಿ ಎಷ್ಟೊಂದು ಜನ. ಅವರಿಗಾಗಿ ಪಾದ್ರಿಗಳು ಈ ಸಲ ಪಟ್ಟಣದಿಂದ ಒಂದು ನಾಟಕದ ತಂಡವನ್ನು ಕರೆಸಿದರು.

ತಂಡದ ಯಜಮಾನಿ ನೀಡಿಯಾ ಎಂಬವಳು. ಒಳ್ಳೆಯ ಹೆಂಗಸು, ನಮ್ಮ ಭಾಷೆ ಚೆನ್ನಾಗಿ ಆಡುತ್ತಾಳೆ. ಲಾರಿ ಹತ್ತಿದ ಮಗನೊಬ್ಬ ದೆವ್ವವಾಗಿ ಮನೆಗೆ ಬಂದು ತಾಯಿಯ ಹತ್ತಿರ ಮಾತಾಡುವುದೇ ಅವಳ ನಾಟಕ. ಮನೆಮನೆಗೆ ಬಂದು, ನಿಮ್ಮ ಮಕ್ಕಳು ಹೇಗಿದ್ದರು ಹೇಳಿ, ಅದನ್ನೂ ಸೇರಿಸಿಕೊಳ್ಳುತ್ತೇವೆ ಎಂದು ಕೇಳಿದಳು. ಅಮ್ಮ ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು.

"ನನ್ನ ಮಗನ್ನ ದೆವ್ವ ಮಾಡ್ತೀಯಾ? ಅವನು ಸತ್ತಿದ್ದು ನೀ ಕಂಡಿದ್ಯಾ?"

ನೀಡಿಯಾ ಕೋಪ ಮಾಡಿಕೊಳ್ಳಲಿಲ್ಲ. "ನಾಟಕದಲ್ಲಿ ದೆವ್ವ ಅಂದ್ರೆ ಹೇಳೋ ಮಾತು ಬಾಕಿ ಇರೋನು ಅಷ್ಟೇ ಅಮ್ಮಾ," ಅಂದಳು. ಅಮ್ಮ ಒಳಗೆ ಹೋದಳು. ಆದರೆ ಮರುದಿನ ಮಧ್ಯಾಹ್ನ ಶಾಲು ಹೊದ್ದು, ನನ್ನ ಕೈ ಹಿಡಿದು, ಅವರ ತಾಲೀಮು ನಡೆಯುವ ಚರ್ಚಿನ ಹಜಾರಕ್ಕೆ ಕರೆದುಕೊಂಡು ಹೋಗು ಅಂದಳು.

ಆ ಹಜಾರ ನೆನಪಿದೆಯೇ ನಿನಗೆ? ಹಿಂದಿನ ಪಾದ್ರಿಗಳು ಗೋಡೆಗೆ ಹಾಸಿಗೆಬಟ್ಟೆ ಕಟ್ಟಿ ದೆವ್ವದ ಸಿನಿಮಾ ತೋರಿಸಿದಾಗ ನೀನು ಬೆಂಚಿನ ಕೆಳಗೆ ಅವಿತಿದ್ದೆ, ಸೆವೆರೊ ನಿನ್ನ ಕಾಲು ಹಿಡಿದೆಳೆದಾಗ ನೀನು ಚಡ್ಡಿ ಒದ್ದೆ ಮಾಡಿಕೊಂಡಿದ್ದೆ. ಆಗ ನಮಗೆ ದೆವ್ವ ಎಂದರೆ ಎಲ್ಲಿಂದಾದರೂ ಬಂದುಬಿಡುತ್ತದೆ ಎಂಬ ಭಯ. ಬರಲಿ ಎಂದು ಕಾಯುವ ಕಾಲ ಬರುತ್ತದೆಂದು ಯಾರಿಗೆ ಗೊತ್ತಿತ್ತು.

ದೆವ್ವದ ಪಾತ್ರ ರುಫೊ ಎಂಬವನದು. ಸುಮಾರು ಮೂವತ್ತರ ಆಳು, ಮುಖಕ್ಕೆ ಹಿಟ್ಟು ಬಳಿದುಕೊಂಡು ಬಾಗಿಲಲ್ಲಿ ನಿಂತು ನಿಧಾನವಾಗಿ ಮಾತಾಡುತ್ತಿದ್ದ. ಅಮ್ಮ ಸ್ವಲ್ಪ ಹೊತ್ತು ಕೇಳಿದಳು, ಆಮೇಲೆ ತಡೆಯಲಾಗಲಿಲ್ಲ. ನನ್ನ ಮಗ ಬಾಗಿಲಲ್ಲಿ ನಿಂತು ಭಾಷಣ ಮಾಡುವವನಲ್ಲ, ಒಳಗೆ ಬಂದು ಮೊದಲು ಪಾತ್ರೆಯ ಮುಚ್ಚಳ ತೆಗೆದು ನೋಡುವವನು ಅಂದಳು. ರುಫೊ ಹಾಗೇ ಮಾಡಿದ. ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದ ಅಂದಳು, ಅದನ್ನೂ ಮಾಡಿದ. ಅಂದಿನಿಂದ ದಿನವೂ ಹೋದಳು. ಅವನಿಗೆಂದು ಬೇಯಿಸಿದ ಆಲೂಗಡ್ಡೆ ಕಟ್ಟಿಕೊಂಡು ಹೋಗುತ್ತಿದ್ದಳು. ಅವನು ದಿನದಿಂದ ದಿನಕ್ಕೆ ನಮ್ಮಣ್ಣನಂತಾಗುತ್ತ ಹೋದ. ಒಮ್ಮೆ ನನಗೇ ಎದ್ದು ಅವನ ಕೊರಳುಪಟ್ಟಿ ಸರಿಮಾಡಬೇಕು ಅನ್ನಿಸಿತು. ಅಮ್ಮ ಮನೆಯಲ್ಲಿ ಹಾಡು ಗುನುಗತೊಡಗಿದ್ದಳು. ಅದನ್ನು ಕೇಳಿ ಸಂತೋಷಪಡಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ.

ಹಬ್ಬದ ಮಧ್ಯಾಹ್ನ ಹಜಾರ ತುಂಬಿತ್ತು. ತಾಯಂದಿರೆಲ್ಲ ಮುಂದಿನ ಬೆಂಚುಗಳಲ್ಲಿ. ರುಫೊ ಒಳಗೆ ಬಂದ, ಮುಚ್ಚಳ ತೆಗೆದು ನೋಡಿದ, ಕೆಲವರು ನಕ್ಕರು. ತಾಯಿಯ ಪಾತ್ರದವಳು ತಟ್ಟೆಗೆ ಬಡಿಸಿದಳು. ಅವನು ತಟ್ಟೆ ಹಿಡಿದು, ನಾನು ನೆಮ್ಮದಿಯಾಗಿದ್ದೇನೆ, ಇನ್ನು ಅಳಬೇಡ ಎಂದು ಹೇಳಿ ಹೊರಡಬೇಕಿತ್ತು. ಅಷ್ಟರಲ್ಲಿ ಅಮ್ಮ ಎದ್ದು ನಿಂತಳು.

"ಎಲ್ಲಿ ಹಾಕಿದಾರೆ ನಿನ್ನ? ಅದನ್ನ ಹೇಳಿ ಹೋಗು."

ರುಫೊ ನೀಡಿಯಾಳ ಕಡೆ ನೋಡಿದ. ಹಿಂದೆಯೇ ನಮ್ಮ ಬೀದಿಯ ಮೆಲ್ಚೋರಾ ಎದ್ದಳು. "ನನ್ನ ಪೌಲಿನೊ ಅಲ್ಲಿದಾನಾ? ಎಡಗಾಲು ಸ್ವಲ್ಪ ಎಳೀತಾನೆ." ಆಮೇಲೆ ಇನ್ನೊಬ್ಬಳು ತನ್ನ ಗಂಡನನ್ನು ಕೇಳಿದಳು, ಮತ್ತೊಬ್ಬಳು ಇಬ್ಬರು ಹೆಣ್ಣುಮಕ್ಕಳನ್ನು. ಯಾರೂ ಕಿರುಚಲಿಲ್ಲ ಎಡಿಲ್ಬೆರ್ತೊ. ದೂರದೂರಿಂದ ಬಂದವನ ಹತ್ತಿರ ತಮ್ಮವರ ಕ್ಷೇಮ ವಿಚಾರಿಸುವ ಹಾಗೆ, ಒಬ್ಬರ ಮಾತು ಮುಗಿದ ಮೇಲೆ ಒಬ್ಬರು, ಹೆಸರು, ವಯಸ್ಸು, ಅಂಗಿಯ ಬಣ್ಣ ಹೇಳಿ ಕೇಳಿದರು. ರುಫೊ ತಟ್ಟೆ ಹಿಡಿದೇ ನಿಂತಿದ್ದ. ಮುಖದ ಹಿಟ್ಟಿನ ಮೇಲೆ ನೀರಿಳಿಯುತ್ತಿತ್ತು. ಕೊನೆಗೆ, "ನಂಗೆ ಗೊತ್ತಿಲ್ಲ ಅಮ್ಮಾ, ನಾನು ಬರೀ ಪಾತ್ರ ಮಾಡೋನು," ಅಂದ.

ಅಮ್ಮ ತಡವರಿಸುತ್ತ ಹತ್ತಿರ ಹೋಗಿ ತನ್ನ ಶಾಲಿನಿಂದ ಅವನ ಮುಖ ಒರೆಸಿದಳು. ಹಿಟ್ಟು ಹೋದ ಮೇಲೆ ಆ ಮುಖದಲ್ಲಿ ನಮ್ಮಣ್ಣ ಎಲ್ಲೂ ಇರಲಿಲ್ಲ. "ಊಟ ಮಾಡಿ ಹೊರಡು ಮಗಾ, ಬಸ್ಸು ತಪ್ಪುತ್ತೆ," ಅಂದಳು. ನಾಟಕ ಅಲ್ಲಿಗೇ ನಿಂತಿತು.

ಮನೆಗೆ ಬರುವಾಗ ಅಮ್ಮ ಕಟ್ಟೆಯ ಹತ್ತಿರ ನಿಂತು ಉಸಿರು ತೆಗೆದುಕೊಂಡು, ಅಜ್ಜಿಯ ಕಥೆಗಳಲ್ಲಿ ಕೊಲೆಯಾದವನು ಬಂದು ತನ್ನನ್ನು ಹೂತ ಜಾಗ ತೋರಿಸುತ್ತಿದ್ದನಲ್ಲ ಅಂದಳು. ಹೌದು ಅಂದೆ. "ನಾನೂ ಅದಕ್ಕೇ ಕಾದೆ ಕಣೇ. ಬದುಕಿದಾನೆ ಅಂತ ನಿಮ್ಮ ಮುಂದೆ ಹೇಳ್ತಾ ಇದ್ದೆ, ರಾತ್ರಿ ಕದದ ಅಗಳಿ ಮಾತ್ರ ಯಾವತ್ತೂ ಹಾಕಲಿಲ್ಲ. ಹೀಗೂ ಬರಲಿಲ್ಲ, ಹಾಗೂ ಬರಲಿಲ್ಲ."

ನಾನು ಅವಳ ಕೈ ಹಿಡಿದು ಮನೆಗೆ ಕರೆತಂದೆ. ಸಮಾಧಾನದ ಮಾತು ನಿನಗೆ ತೋಚಿದರೆ ಫೋನು ಮಾಡಿದಾಗ ಹೇಳು, ತೋಚದಿದ್ದರೆ ಹವಾಮಾನದ ವಿಷಯವನ್ನೇ ಮಾತಾಡು.

ಕೆಮ್ಮಿಗೆ ಔಷಧಿ ತೆಗೆದುಕೋ. ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿ. ನಿನ್ನನ್ನು ಕಾಯುವ ದೇವರು ಅಲ್ಲಾದರೂ ಎಚ್ಚರವಾಗಿರಲಿ.

ನಿನ್ನ ಅಕ್ಕ,
ಹೆರ್ಮೆಲಿಂದಾ

ತಾ.ಕ.: ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಅಮ್ಮ ಅಣ್ಣನ ಬಟ್ಟೆಗಳನ್ನು ಹೊಳೆಗೆ ಒಯ್ದು, ಸತ್ತವರ ಬಟ್ಟೆ ಒಗೆಯುವ ಹಾಗೆ ಒಗೆದು ಬಂದಳು. ಬಡಗಿಗೆ ಶವದ ಪೆಟ್ಟಿಗೆ ಹೇಳಿದ್ದಾಳೆ, ಆ ಬಟ್ಟೆಗಳನ್ನೇ ಅದರಲ್ಲಿಟ್ಟು ಹೂಳುತ್ತಾಳಂತೆ. ಇರುವುದು ಒಂದು ಪ್ಯಾಂಟು, ಎರಡು ಅಂಗಿ. ಅಷ್ಟನ್ನೇ ಇಟ್ಟರೆ ಪೆಟ್ಟಿಗೆಯಲ್ಲಿ ಏನೂ ಇಲ್ಲದ ಹಾಗೆ ಕಾಣುತ್ತದೆ. ನೀನು ಹೊರಡುವಾಗ ಅವನ ನೀಲಿ ಸ್ವೆಟರು ಒಯ್ದಿದ್ದೆಯಲ್ಲ, ಅದನ್ನು ಕಳಿಸು. ಹರಿದು ಎಸೆದಿದ್ದರೆ ಯಾವುದಾದರೂ ನೀಲಿ ಸ್ವೆಟರು ಕೊಂಡು ಕಳಿಸು. ಅವಳಿಗೆ ಕಣ್ಣು ಕಾಣುವುದಿಲ್ಲ.