ಗೊತ್ತಿದ್ದೂ ಹೇಳದೆ ಕೂತದ್ದು

ಮಾರ್ಚ್ ೧೧, ಬುಧವಾರ

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಅದೇ ಇನ್ನೂ ಮನಸ್ಸು ಕೊರೆಯುತ್ತಿದೆ.

ಶುಕ್ರವಾರ ನನ್ನ ಹೆಂಡತಿಯ ನರ್ಸಿಂಗ್ ಪರೀಕ್ಷೆ. ಕಳೆದ ವರ್ಷ ಪುಸ್ತಕವನ್ನು ಹತ್ತು ಸಲ ಓದಿಯೂ ಫೇಲಾದಳು. ಈ ಸಲ ಪುಸ್ತಕ ಮುಚ್ಚಿಟ್ಟು ನನಗೆ ಪಾಠ ಹೇಳುತ್ತಾಳೆ. ನಮ್ಮಜ್ಜಿ ಕಥೆ ಕಲಿಸಿದ್ದೂ ಹೀಗೆಯೇ. ಒಂದು ಸಲ ತಾನು ಹೇಳಿ, ಮರುದಿನ ನಮ್ಮ ಬಾಯಿಂದ ಹೇಳಿಸುತ್ತಿದ್ದಳು.

ಸಂಜೆ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದೆ, "ಕಾಲಿಂದ ಮೇಲೆ ಹತ್ತೋ ರಕ್ತ ಜಾರಿ ಕೆಳಗ್ಯಾಕೆ ಬೀಳಲ್ಲ?"

ತಡವರಿಸಿದಳು. ಕಣ್ಣು ತುಂಬಿಕೊಂಡಿತು. "ನಿಮಗೆ ಗೊತ್ತಲ್ವಾ? ಹೇಳ್ರೀ."

"ನಾನು ದರ್ಜಿ ಕಣೇ. ಕಾಲಿನ ಅಳತೆ ಬಿಟ್ರೆ ಇನ್ನೇನು ಗೊತ್ತು?"

ಅದು ಸುಳ್ಳು. ಅವಳು ಸ್ನಾನಕ್ಕೆ ಹೋದಾಗ ಆ ಪುಟ ಓದಿದ್ದೆ. ಆದರೆ ಪರೀಕ್ಷೆಯ ದಿನ ಪಕ್ಕದಲ್ಲಿ ನಾನಿರುವುದಿಲ್ಲವಲ್ಲ. ಅವಳ ಮುಖ ನೋಡಲಾಗದೆ ಸೂಜಿಗೆ ದಾರ ಪೋಣಿಸುತ್ತಾ ತಲೆ ತಗ್ಗಿಸಿದೆ.

"ಬಾಗಿಲು ರೀ!" ಎಂದು ಕೂಗಿದಳು. "ಮೇಲಕ್ಕೆ ಮಾತ್ರ ತೆರೆಯೋ ಪುಟ್ಟ ಪುಟ್ಟ ಬಾಗಿಲು! ಕವಾಟ!"

"ಹೌದೇನೇ!" ಎಂದೆ. ಆ ಬೆರಗು ಮಾತ್ರ ನಿಜ. ಪುಸ್ತಕದಲ್ಲಿ ಅದು ಇಷ್ಟು ಚೆಂದವಿರಲಿಲ್ಲ.

ನಾಳೆ ಮೂತ್ರಪಿಂಡವಂತೆ. ಆ ಪುಟ ನಾನು ಮೊದಲೇ ಓದುವುದಿಲ್ಲ. ಅವಳ ಬಾಯಿಂದಲೇ ಮೊದಲು ಕೇಳುತ್ತೇನೆ.