ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಅದೇ ಕೆಲಸ. ಕೆಟ್ಟು ಕೂತ ಫೋನುಗಳಿಗೆ ಫೋನ್ ಮಾಡುವುದು.

ಹೊಸ ನಿಯಮ. ದೂರು ಬಂದ ಮೇಲೆ ದೂರು ಕೊಟ್ಟವರ ನಂಬರಿಗೇ ಫೋನ್ ಮಾಡಿ ವಿಚಾರಿಸಬೇಕು. ಮೂರು ಸಲ ಎತ್ತದಿದ್ದರೆ ‘ಗ್ರಾಹಕರು ಪ್ರತಿಕ್ರಿಯಿಸಲಿಲ್ಲ’ ಎಂದು ಒತ್ತಿ ದೂರು ಮುಗಿಸಬೇಕು. ಅವರ ದೂರೇ ಫೋನ್ ಸತ್ತಿದೆ ಎಂದು. ಸತ್ತ ಫೋನಿನಲ್ಲಿ ಹಲೋ ಅನ್ನುವುದು ಹೇಗೆ? ಇದನ್ನು ಕಂಡುಹಿಡಿದ ಮಹಾನುಭಾವರ ಕಾಲಿಗೆ ಬೀಳಬೇಕು.

ಸಾಹೇಬರನ್ನು ಕೇಳಿದೆ. ಕನ್ನಡಕ ಒರೆಸುತ್ತಾ, “ಪರವಾಗಿಲ್ಲ ಮೇಡಂ, ನಿಯಮ ಹೇಗಿದ್ಯೋ ಹಾಗ್ಮಾಡಿ” ಎಂದರು. ನಮ್ಮ ದೂರವಾಣಿ ಕಚೇರಿಯಲ್ಲಿ ಎಲ್ಲರೂ ಅವರನ್ನು ಪರವಾಗಿಲ್ಲ ಸಾಹೇಬರು ಎಂದೇ ಕರೆಯುವುದು. ಸೂರು ಸೋರಿದರೂ ಪರವಾಗಿಲ್ಲ, ಸಂಬಳ ತಡವಾದರೂ ಪರವಾಗಿಲ್ಲ.

ಇವತ್ತಿನ ದೂರುಗಳಲ್ಲಿ ಮುಕ್ಕಾಲು ಪಾಲು ಗುಡ್ಡದಾಚೆಯವು. ಒಬ್ಬೊಬ್ಬರೂ ಬಸ್ಸು ಹತ್ತಿ ಬಂದು ಕೌಂಟರಿನಲ್ಲಿ ಹೇಳಿ ಹೋಗಿದ್ದಾರೆ. ನಾದಿನಿ ಇರುವುದೂ ಅಲ್ಲೇ.

ರಾತ್ರಿ ಊಟಕ್ಕೆ ಮುಂಚೆ ಅತ್ತೆ ಮಗಳಿಗೆ ಫೋನ್ ಹಚ್ಚಿದರು. ಸುಮಾರು ಹೊತ್ತು ಕಿವಿಗೆ ಇಟ್ಟುಕೊಂಡು ಕೊನೆಗೆ ಕುಕ್ಕಿದರು. “ರಿಂಗ್ ಆಗ್ತಿದೆ, ಎತ್ತಲ್ಲ. ನನ್ ಮೇಲಿನ ಸಿಟ್ಟು ಅವ್ಳಿಗೆ. ಇರ್ಲಿ, ನಾನೂ ಅವಳ ಅಮ್ಮನೇ.”

ಹೋದ ಸಲ ಅವಳ ಮನೆಗೆ ಹೋದಾಗ ಅಳಿಯನ ಲಾರಿ ಕೆಲಸದ ಬಗ್ಗೆ ಏನೋ ಕೊಂಕು ಆಡಿ ಬಂದಿದ್ದರು. ‘ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ’ ಎಂದು ಅವಳು, ‘ನೀನೇ ಕರೆದರೂ ಬರಲ್ಲ’ ಎಂದು ಇವರು. ಈಗ ಅವಳಿಗೆ ದಿನ ತುಂಬುತ್ತಿದೆ. ಬಿಪಿ ಜಾಸ್ತಿ, ಪ್ರಯಾಣ ಬೇಡ ಎಂದು ಡಾಕ್ಟರ್ ಹೇಳಿದ್ದಾರೆ. ಗಂಡ ಹೊರಟರೆ ನಾಲ್ಕೈದು ದಿನ ಪತ್ತೆ ಇಲ್ಲ. ತಾಯಿ ಮಗಳು ಮಾತ್ರ ಹಟ ಸಾಧಿಸುತ್ತಾ ಕೂತಿದ್ದಾರೆ.

ಮಾರ್ಚ್ 5

ಅತ್ತೆಗೆ ಬಿಡಿಸಿ ಹೇಳಿದೆ. ದಾರಿಯಲ್ಲಿ ತಂತಿ ಕಡಿದಿದ್ದರೆ ಅಲ್ಲಿ ಸದ್ದೇ ಬರುವುದಿಲ್ಲ, ಆದರೂ ಇಲ್ಲಿ ನಮಗೆ ರಿಂಗ್ ಕೇಳುತ್ತದೆ, ಆ ರಿಂಗ್ ಕೊಡುವುದು ನಮ್ಮ ಎಕ್ಸ್‌ಚೇಂಜೇ ಎಂದು.

“ನನಗೇನು ಕಿವಿ ಕೇಳ್ಸಲ್ವಾ? ಟ್ರಿಣ್ ಟ್ರಿಣ್ ಅಂತಿದೆ. ನಾದಿನೀನ ವಹಿಸ್ಕೊಂಡು ಬರ್ಬೇಡ ನೀನು.”

ಮುಗಿಯಿತು. ನಮ್ಮ ಯಜಮಾನರಂತೂ ಪೇಪರಿನ ಹಿಂದಿನಿಂದ, “ನಿನಗ್ಯಾಕೆ ಊರ ಉಸಾಬರಿ” ಅಂದರು. ಸ್ವಂತ ತಂಗಿ ಇವರಿಗೆ ಊರ ಉಸಾಬರಿ!

ಮಾರ್ಚ್ 9, ಭಾನುವಾರ

ನಾನೇ ಹೋಗಿಬಂದೆ. ಬಸ್ಸಿನಲ್ಲಿ ಮೈಯೆಲ್ಲ ನುಜ್ಜುಗುಜ್ಜಾಯಿತು. ರಸ್ತೆ ಅಗಲ ಮಾಡುತ್ತೇವೆಂದು ಗುಡ್ಡದ ಬುಡದಲ್ಲಿ ಯಂತ್ರ ಬಿಟ್ಟು ಅಗೆದಿದ್ದಾರೆ. ಅಗೆದ ಗುಂಡಿಯಿಂದ ನಮ್ಮ ಕೇಬಲ್ಲು ಹೊರಬಂದು ಬಿದ್ದಿದೆ, ಕತ್ತರಿಸಿದ ಜಡೆಯ ಹಾಗೆ. ಯಾರಿಗೂ ಹೇಳಿಲ್ಲ, ಕೇಳಿಲ್ಲ.

ನಾದಿನಿ ಬಾಗಿಲಲ್ಲೇ ಶುರು ಮಾಡಿದಳು. “ಬನ್ನಿ ಅತ್ತಿಗೆ. ದಾರಿ ನೆನಪಿತ್ತಾ? ಪಕ್ಕದ್ಮನೆಯವ್ರ ಕೈಲಿ ದೂರು ಹೇಳ್ಕಳ್ಸಿದ್ದೆ. ನಿಮ್ಮ ಆಫೀಸಿನವ್ರು ಮುಗಿಸೇ ಬಿಟ್ರಂತೆ. ನಾನು ಪ್ರತಿಕ್ರಿಯೆ ಕೊಡ್ಲಿಲ್ವಂತೆ!” ರಿಸೀವರ್ ಎತ್ತಿ ನನ್ನ ಕಿವಿಗೆ ಒತ್ತಿದಳು. “ನೀವೇ ಕೊಡಿ ಪ್ರತಿಕ್ರಿಯೆ.” ಅದರಲ್ಲಿ ಉಸಿರೇ ಇರಲಿಲ್ಲ. ಆ ದೂರು ಬಂದದ್ದು ನಾನು ರಜೆಯಲ್ಲಿದ್ದ ದಿನವಂತೆ. ನಾನಿದ್ದಿದ್ದರೂ ಒತ್ತುತ್ತಿದ್ದುದು ಅದೇ ಗುಂಡಿಯನ್ನೇ. ನಾಚಿಕೆಯಾಯಿತು.

ಅಮ್ಮ ದಿನಾ ಫೋನ್ ಮಾಡುತ್ತಾರೆ ಅಂದೆ. “ಬಂದು ಒಂದ್ಸಲ ನೋಡ್ಬಹುದಿತ್ತಲ್ವಾ” ಅಂದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಅತ್ತಳು. ನೋವು ಬಂದರೆ ಏನು ಮಾಡುತ್ತೀ ಎಂದು ಕೇಳಿದೆ. ಪಕ್ಕದ ಮನೆಯವರು ಗುಡ್ಡ ಹತ್ತಬೇಕಂತೆ. ತುದಿಯ ಬಂಡೆಯ ಮೇಲೆ ನಿಂತರೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಮೋಡ ಇಲ್ಲದಿದ್ದರೆ. ಅಲ್ಲಿಂದ ಆಂಬುಲೆನ್ಸಿಗೆ ಹೇಳಬೇಕು. ಹತ್ತುವುದಕ್ಕೇ ಒಂದು ತಾಸು.

ಅಂಗಡಿಯವನು ಸಾಮಾನಿನ ಪಟ್ಟಿಯನ್ನು ಕಂಡಕ್ಟರ್ ಕೈಲಿ ಕಳಿಸುತ್ತಾನೆ. ಮರ ಕೊಯ್ಯುವ ಮಿಲ್ಲಿಗೆ ಆರ್ಡರ್ ಬರುವುದು ನಿಂತಿದೆ, ಅರ್ಧ ಜನ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದರು. ಶಾಲೆಯ ಮೇಷ್ಟ್ರು ಪರೀಕ್ಷೆಯ ಸಂದೇಶ ನೋಡಲು ದಿನಾ ಬಂಡೆ ಹತ್ತುತ್ತಾರೆ. ಫೋನ್ ಅಂದರೆ ಹರಟೆಯ ಚಟ ಅಂದುಕೊಂಡಿದ್ದಾರೆ ನಮ್ಮ ಮೇಲಿನವರು. ಒಂದು ದಿನ ಇಲ್ಲಿ ಬಂದು ಇರಲಿ. ಖಾಸಗಿಯವರು ಸರ್ವೆ ಮಾಡಿ, ಜನ ಕಡಿಮೆ, ಗಿಟ್ಟುವುದಿಲ್ಲ ಎಂದು ಕೈಕೊಡವಿಕೊಂಡು ಹೋದರು. ಅವರು ವ್ಯಾಪಾರಕ್ಕೆ ಬಂದವರು. ನಾವು? ಬೋರ್ಡಿನ ಮೇಲೆ ‘ರಾಷ್ಟ್ರೀಯ’ ಎಂದು ಬರೆಸಿಕೊಂಡು ಕೂತಿದ್ದೇವಲ್ಲ, ನಾವೂ ಗಿಟ್ಟುವುದಿಲ್ಲ ಅನ್ನುವುದಾ?

ಮಾರ್ಚ್ 10

ಲೈನ್‌ಮನ್‌ಗೆ ಹೇಳಿದೆ. ಉದ್ದನೆಯ ಆಳು, ಅವನನ್ನು ಏಣಿ ಅಂತಲೇ ಕರೆಯುವುದು. “ಅಕ್ಕಾ, ಆ ಗುಂಡಿ ನಾನು ಮೊದಲ ದಿನಾನೇ ನೋಡಿದೀನಿ. ಕೇಬಲ್ ಕೊಡಿ ಅಂತ ಸ್ಟೋರ್‌ಗೆ ಹೋದ್ರೆ, ವಾರದಿಂದ ಬಾಕಿ ಇರೋ ದೂರಿನ ನಂಬರ್ ಕೊಡು ಅಂತಾರೆ. ಬಾಕಿ ದೂರೇ ಇಲ್ವಲ್ಲ, ಎಲ್ಲಾ ಮುಗ್ದಿದೆ ಅಂತ ತೋರಿಸ್ತಿದೆ.”

ಫೋನ್ ಸತ್ತಿದ್ದರಿಂದ ಎತ್ತಲಿಲ್ಲ. ಎತ್ತದ್ದರಿಂದ ದೂರು ಮುಗಿಯಿತು. ದೂರು ಮುಗಿದದ್ದರಿಂದ ಕೇಬಲ್ ಇಲ್ಲ. ಕೇಬಲ್ ಇಲ್ಲದ್ದರಿಂದ ಫೋನ್ ಸತ್ತಿದೆ. ಬರೆಯುತ್ತಾ ಮೈ ಉರಿಯುತ್ತಿದೆ.

ಇವತ್ತು ಗುಡ್ಡದಾಚೆಯ ಒಂದು ದೂರನ್ನೂ ನಾನು ಮುಗಿಸಲಿಲ್ಲ.

ಮಾರ್ಚ್ 14, ಶುಕ್ರವಾರ

ಸಮಿತಿಯವರು ಬಂದಿದ್ದರು. ಎಲ್ಲಿನ ಲೈನ್ ಉಳಿಸಬೇಕು, ಎಲ್ಲಿನದು ತೆಗೆಯಬೇಕು ಎಂದು ನೋಡುವ ಸಮಿತಿ. ನೀಲಿ ಟೈ ಕಟ್ಟಿದ ಅಧಿಕಾರಿ ಪರದೆಯ ಮೇಲೆ ಬಣ್ಣಬಣ್ಣದ ಗೆರೆ ತೋರಿಸಿದರು. ಗುಡ್ಡದಾಚೆಯ ಗೆರೆ ನೆಲಕ್ಕೆ ಅಂಟಿಕೊಂಡಿತ್ತು.

“ಈ ಏರಿಯಾದಲ್ಲಿ ಕರೆಗಳೇ ಇಲ್ಲ. ಹೋದ ತಿಂಗಳ ಲೆಕ್ಕದಲ್ಲಿ ಬಾಕಿ ದೂರುಗಳೂ ಇಲ್ಲ. ಅಂದ್ರೆ ಏನರ್ಥ? ಜನಕ್ಕೆ ಇದರ ಅಗತ್ಯ ಇಲ್ಲ.”

ಎದ್ದು ನಿಂತೆ. “ಕೇಬಲ್ ಕಡಿದಿದೆ ಸರ್. ಅದಕ್ಕೇ ಕರೆ ಇಲ್ಲ. ಬೇಕಾದ್ರೆ ಈಗ್ಲೇ ನೋಡಿ” ಎಂದು ಮೇಜಿನ ಮೇಲಿನ ಫೋನಿನಿಂದ ನಾದಿನಿಯ ನಂಬರ್ ಒತ್ತಿ ಸ್ಪೀಕರ್ ಹಾಕಿದೆ. ಟ್ರಿಣ್... ಟ್ರಿಣ್... ಕೋಣೆಯಲ್ಲೆಲ್ಲ ಕೇಳಿಸಿತು.

ನೀಲಿ ಟೈ ನಕ್ಕರು. “ರಿಂಗ್ ಆಗ್ತಾ ಇದ್ಯಲ್ಲ ಮೇಡಂ. ಲೈನ್ ಸರಿಯಾಗೇ ಇದೆ. ಎತ್ತೋರೇ ಇಲ್ಲ.”

ಅತ್ತೆಗೆ ಹೇಳಿದ್ದನ್ನೇ ಇವರಿಗೂ ಹೇಳಿದೆ. ತಲೆ ಆಡಿಸಿದರು, ಬರೆದುಕೊಂಡರು. ಏನು ಬರೆದರೆಂದು ಬಗ್ಗಿ ನೋಡಿದೆ — ‘ಪರೀಕ್ಷಿಸಲಾಯಿತು, ಉತ್ತರವಿಲ್ಲ.’

ಎಂಥ ಪೆದ್ದಿ ನಾನು! ಆ ರಿಂಗೇ ಇವರ ಸಾಕ್ಷಿ ಆಗುತ್ತದೆ ಎಂದು ಹೊಳೆಯಲಿಲ್ಲವಲ್ಲ. ಅತ್ತೆಯಾದರೂ ಮಗಳ ಮೇಲಿನ ಸಂಕಟಕ್ಕೆ ನಂಬಲಿಲ್ಲ. ಇವರಿಗೆ ಏನು ಕಾರಣ?

ನಷ್ಟ, ನಷ್ಟ ಅನ್ನುತ್ತಾರೆ. ರಸ್ತೆಯನ್ನು ಲಾಭ ಎಷ್ಟು ಬಂತು ಎಂದು ಕೇಳುತ್ತೀರಾ? ಬೀದಿದೀಪವನ್ನು ಕೇಳುತ್ತೀರಾ? ಆ ಕಂಬಗಳನ್ನು ನೆಟ್ಟದ್ದು ಜನರ ದುಡ್ಡಿನಿಂದ. ಗುಡ್ಡದಾಚೆಯವರೂ ತೆರಿಗೆ ಕಟ್ಟುವ ಜನರೇ.

ಮಾರ್ಚ್ 15

ಮೆಮೋ ಬಂತು. ಸಭೆಯಲ್ಲಿ ಅನುಚಿತ ವರ್ತನೆ, ದೂರುಗಳನ್ನು ಬೇಕೆಂದೇ ಬಾಕಿ ಉಳಿಸಿದ್ದು. ಇನ್ನು ಮೇಲೆ ಫೋನ್ ಮಾಡಿ ವಿಚಾರಿಸುವ ಕೆಲಸ ಕೇಂದ್ರ ಕಚೇರಿಯದ್ದು. ನಾನು ಕೌಂಟರಿನಲ್ಲಿ ದೂರು ಟೈಪ್ ಮಾಡಿದರೆ ಸಾಕು. ಬಾಕಿ ಉಳಿಸಿದ್ದನ್ನೆಲ್ಲ ಕೇಂದ್ರದವರು ಒಂದೇ ಮಧ್ಯಾಹ್ನ ಮುಗಿಸಿದ್ದಾರೆ. ಎಲ್ಲದಕ್ಕೂ ಅದೇ ಉತ್ತರ, ಪ್ರತಿಕ್ರಿಯಿಸಲಿಲ್ಲ.

“ಪರವಾಗಿಲ್ಲ ಮೇಡಂ, ಮೆಮೋ ಎಲ್ರಿಗೂ ಬರುತ್ತೆ” ಎಂದರು ಸಾಹೇಬರು. ಪರವಾಗಿದೆ ಸಾರ್ ಅಂದೆ. ಜೋರಾಗಿಯೇ ಅಂದೆ.

ಮಾರ್ಚ್ 24

ಒಂಬತ್ತು ದಿನ ಬರೆಯಲಿಲ್ಲ. ಬರೆಯಲು ಹೆದರಿಕೆಯಾಗಿತ್ತು. ಈಗ ಬರೆದೇ ಬಿಡುತ್ತೇನೆ.

ದೂರು ಟೈಪ್ ಮಾಡುವಾಗ ‘ಸಂಪರ್ಕ ನಂಬರ್’ ಎಂದು ಒಂದು ಖಾನೆ ಇದೆ. ಕೇಂದ್ರದವರು ಆ ನಂಬರಿಗೇ ಫೋನ್ ಮಾಡುವುದು. ಎಲ್ಲರೂ ಕೆಟ್ಟ ಫೋನಿನ ನಂಬರನ್ನೇ ಕೊಡುತ್ತಾರೆ. ಪಾಪ, ಅವರ ಹತ್ತಿರ ಬೇರೆ ಯಾವುದಿದೆ? ಹೋದ ಸೋಮವಾರ ಗುಡ್ಡದಾಚೆಯ ಅಂಗಡಿಯವನು ಬಂದಿದ್ದ. “ನಮ್ಮ ಮನೆ ನಂಬರ್ ಹಾಕ್ಲಾ?” ಎಂದು ಕೇಳಿದೆ. “ನಿಮ್ದಾದ್ರೂ ಹಾಕಿ, ದೇವ್ರದಾದ್ರೂ ಹಾಕಿ, ಫೋನ್ ಸರಿಯಾದ್ರೆ ಸಾಕು” ಅಂದ. ಹಾಕಿದೆ. ಮಿಲ್ಲಿನವರಿಗೂ ಹಾಕಿದೆ, ಮೇಷ್ಟ್ರಿಗೂ ಹಾಕಿದೆ. ನಾದಿನಿಯ ದೂರನ್ನೂ ಹಾಗೇ ಕೊಟ್ಟೆ.

ಹಗಲು ಮನೆಯಲ್ಲಿ ಫೋನ್ ಎತ್ತುವವರು ಅತ್ತೆ ಒಬ್ಬರೇ. ಅವರಿಗೆ ಹೇಳಲೇಬೇಕಾಯಿತು. ಮತ್ತೆ ಟ್ರಿಣ್ ಟ್ರಿಣ್ ವಾದ ಶುರುವಾದೀತೆಂದು, ಸಂಜೆ ಬಸ್ಸಿಗೆ ನಿಂತಿದ್ದ ಅಂಗಡಿಯವನನ್ನು ಮನೆಗೇ ಕರೆದುಕೊಂಡು ಬಂದೆ. ಅವನು ಚಹಾ ಕುಡಿಯುತ್ತಾ ಹೇಳಿದ, “ನಿಮ್ಮ ಮಗಳ ಫೋನೂ ಸತ್ತು ತಿಂಗಳಾಯ್ತಮ್ಮಾ. ದಿನಾ ಅದ್ರ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತಾಳೆ.”

ಅತ್ತೆ ಅವನಿಗೆ ಇನ್ನೊಂದು ಲೋಟ ಚಹಾ ತರಲು ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಸೆರಗಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. “ಆ ಕೇಂದ್ರದವ್ರು ಫೋನ್ ಮಾಡ್ಲಿ” ಅಂದರು. “ನಾನು ವಿಚಾರಿಸ್ಕೊಳ್ತೀನಿ.”

ಮಾರ್ಚ್ 27

ವಿಚಾರಿಸಿಕೊಂಡಿದ್ದಾರೆ! ಕೇಂದ್ರದಿಂದ ಒಬ್ಬ ಹುಡುಗಿ ಫೋನ್ ಮಾಡುತ್ತಾಳೆ, ಜೇನಿನಂಥ ದನಿ. ಅತ್ತೆ ನಡೆದದ್ದನ್ನು ರಾತ್ರಿ ಅಭಿನಯಿಸಿ ತೋರಿಸಿದರು.

“ನಮಸ್ಕಾರ, ನಿಮ್ಮ ದೂರವಾಣಿ ಸರಿಹೋಗಿದೆಯೇ?”

“ಇಲ್ಲ.”

“ಮಾತು ಕೇಳಿಸ್ತಾ ಇದ್ಯಲ್ಲ ಮೇಡಂ?”

“ನಿನ್ ಮಾತು ಕೇಳಿಸ್ತಿದೆ ಕಣಮ್ಮ, ನನ್ ಮಗಳ ಮಾತು ಕೇಳಿಸ್ತಿಲ್ಲ. ಬರ್ಕೋ, ಸರಿಯಾಗಿಲ್ಲ.”

ಅರ್ಧ ಗಂಟೆಗೆ ಮತ್ತೆ ಅದೇ ಹುಡುಗಿ, ಮಿಲ್ಲಿನ ದೂರಿಗೆ. ಆಮೇಲೆ ಶಾಲೆಯದ್ದಕ್ಕೆ. ಅತ್ತೆ ಎಲ್ಲರ ಪರವಾಗಿಯೂ ಜಗಳ ಆಡಿದ್ದಾರೆ. ಮಿಲ್ಲಿನ ಪರವಾಗಿ ಸ್ವಲ್ಪ ಜಾಸ್ತಿಯೇ ಆಡಿದಂತಿದೆ. ಕೊನೆಗೆ ಹುಡುಗಿ ಮೆತ್ತಗೆ, “ಅಮ್ಮಾ, ನಾನೂ ಹೊಟ್ಟೆಪಾಡಿಗೆ ಕೂತಿರೋದು. ಸರಿಯಾಗಿಲ್ಲ ಅಂತಲೇ ಬರ್ದಿದೀನಿ” ಅಂದಳಂತೆ. ಅತ್ತೆ ಅವಳಿಗೆ ಊಟ ಆಯಿತಾ ಎಂದು ಕೇಳಿ ಇಟ್ಟಿದ್ದಾರೆ.

ದೂರುಗಳು ಬಾಕಿ ಉಳಿದಿವೆ. ವಾರ ದಾಟಿದ ದೂರಿಗೆ ಸ್ಟೋರಿನವರು ಕೇಬಲ್ ಕೊಡಲೇಬೇಕು. ಅದೂ ನಿಯಮವೇ.

ಮಾರ್ಚ್ 31

ಕೇಬಲ್ ಸಿಕ್ಕಿತು! ಏಣಿ ಬೈಕಿಗೆ ಸುರುಳಿ ಕಟ್ಟಿಕೊಂಡು ಹೊರಟ. ಮಿಲ್ಲಿನವರು ಗುಂಡಿ ತೋಡಿಕೊಡುತ್ತೇವೆ ಅಂದಿದ್ದಾರಂತೆ. ಎರಡು ಮೂರು ದಿನದ ಕೆಲಸ ಅಂದ. ಬೇಗ ಮಾಡಪ್ಪಾ ಅಂದೆ. ಡಾಕ್ಟರ್ ಹೇಳಿದ್ದ ದಿನ ಬಂದೇ ಬಿಟ್ಟಿದೆ. ಅತ್ತೆ ಬಟ್ಟೆ ಚೀಲ ತುಂಬಿ ಬಾಗಿಲ ಪಕ್ಕ ಇಟ್ಟುಕೊಂಡಿದ್ದಾರೆ. ಹೊರಡಿ ಅಂದರೆ ಮಾತ್ರ, “ಅವ್ಳು ಒಂದ್ ಮಾತು ಕರೀಲಿ” ಅನ್ನುತ್ತಾರೆ. ಇವರ ಹಟಕ್ಕಿಷ್ಟು ಬೆಂಕಿ ಹಾಕ.

ಏಪ್ರಿಲ್ 2

ಆದೇಶ ಬಂತು. ಮುಂದಿನ ತಿಂಗಳಿಂದ ಗುಡ್ಡದಾಚೆಯ ಲೈನ್ ಪೂರ್ತಿ ಬಂದ್. ಕಾರಣ ಓದಿ ಎರಡು ಸಲ ಕಣ್ಣುಜ್ಜಿಕೊಂಡೆ. ‘ದೂರುಗಳ ಸಂಖ್ಯೆ ವಿಪರೀತ ಹೆಚ್ಚಿರುವುದರಿಂದ ನಿರ್ವಹಣೆ ಲಾಭದಾಯಕವಲ್ಲ.’

ದೂರು ಇಲ್ಲದಿದ್ದಾಗ ಅಗತ್ಯ ಇಲ್ಲ ಅಂದರು. ದೂರು ಇದ್ದಾಗ ಖರ್ಚು ಜಾಸ್ತಿ ಅನ್ನುತ್ತಾರೆ. ಮುಚ್ಚುವುದೆಂದು ಮೊದಲೇ ತೀರ್ಮಾನ ಮಾಡಿಕೊಂಡು, ಆಮೇಲೆ ಕಾರಣ ಹುಡುಕುತ್ತಾ ನಮ್ಮ ಕೈಲಿ ಗುಂಡಿ ಒತ್ತಿಸಿದ್ದಾರೆ. ಥೂ!

ಜೊತೆಗೆ ನನಗೊಂದು ನೋಟಿಸು. ಇಷ್ಟೊಂದು ದೂರುಗಳ ಸಂಪರ್ಕ ನಂಬರ್ ನಿಮ್ಮ ಮನೆಯದು ಹೇಗೆ, ಮೂರು ದಿನದಲ್ಲಿ ವಿವರಣೆ ಕೊಡಿ. ಸಾಹೇಬರು ಈ ಸಲ ಪರವಾಗಿಲ್ಲ ಅನ್ನಲಿಲ್ಲ. ಕನ್ನಡಕವನ್ನೂ ಒರೆಸಲಿಲ್ಲ. “ಏನಂತ ಬರೀತೀರಿ?” ಎಂದಷ್ಟೇ ಕೇಳಿದರು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ ಅಂದೆ.

ಏಪ್ರಿಲ್ 3, ಸಂಜೆ

ವಿವರಣೆ ಬರೆಯಲು ಕೂತೆ. ಸಿಟ್ಟಿಗೆ ಮೊದಲ ಸಾಲೇ ಸರಿಯಾಗಲಿಲ್ಲ. ಅದನ್ನು ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ. ಏಣಿಯಿಂದ ಇನ್ನೂ ಸುದ್ದಿ ಇಲ್ಲ. ಒಂದು ತಿಂಗಳಿಗೋಸ್ಕರ ಇಷ್ಟೆಲ್ಲ ಯಾಕೆ ಎಂದು ಯಜಮಾನರು ಕೇಳಿದರು. ಒಂದು ತಿಂಗಳೂ ಯಾಕೆ, ಒಂದು ದಿನ ಸಾಕು ನನಗೆ. ಮುಂದಿನದಕ್ಕೆ ಗುಡ್ಡದಾಚೆಯವರನ್ನೆಲ್ಲ ಬಸ್ಸಿನಲ್ಲಿ ಕರೆತಂದು ಕಚೇರಿಯ ಮೆಟ್ಟಿಲ ಮೇಲೆ ಕೂರಿಸುತ್ತೇನೆ. ಆಗಲಾದರೂ ಯಾರು ಪ್ರತಿಕ್ರಿಯಿಸುತ್ತಾರೆ ನೋಡೋಣ.

ಫೋನ್ ಬಡಿದುಕೊಳ್ಳುತ್ತಿದೆ. ಈ ಹೊತ್ತಿನಲ್ಲೂ ಬಿಡಲೊಲ್ಲರು ಕೇಂದ್ರದವರು. ಅತ್ತೆ ಸೆರಗು ಬಿಗಿದುಕೊಂಡು ಹೋದರು ಜಗಳಕ್ಕೆ.

“ಇಲ್ಲ ಕಣಮ್ಮ, ಇನ್ನೂ ಸರಿಯಾಗಿಲ್ಲ! ಎಷ್ಟ್ ಸಲ ಹೇಳ್ಬೇಕು ನಿಂಗೆ? ನನ್ ಮಗಳ ಫೋನು —”

ಸುಮ್ಮನಾದರು. ಅತ್ತೆ ಮಾತಿನ ಮಧ್ಯದಲ್ಲಿ ಸುಮ್ಮನಾದದ್ದನ್ನು ನಾನು ನೋಡೇ ಇಲ್ಲ. ಗೋಡೆ ಹಿಡಿದುಕೊಂಡರು. ಬಾಗಿಲ ಪಕ್ಕದ ಚೀಲದ ಕಡೆ ನೋಡುತ್ತಿದ್ದಾರೆ.

“ಯಾವಾಗಿಂದ ನೋವು?” ಅನ್ನುತ್ತಿದ್ದಾರೆ. “ಅಳ್ಬೇಡ, ಬಂದೆ, ಈಗ್ಲೇ ಬಂದೆ... ಅತ್ತಿಗೆ ಇಲ್ಲೇ ಇದಾಳೆ, ಆಂಬುಲೆನ್ಸ್‌ಗೆ ಹೇಳ್ತಾಳೆ, ಫೋನ್ ಮಾತ್ರ ಇಡ್ಬೇಡ ಕಂದಾ —”

ನನ್ನ ಮೊಬೈಲ್ ಎಲ್ಲಿ