ಎಂಜಿನ್ ದೀಪದ ಮೇಲಿನ ಟಿಕಳಿ

ಬೆಲ್ಲದಂಗಡಿ ಕಾಕಾ ಅವರಿಗೆ, ಸಿಟ್ಟಿನ ಶರಣು.

ಸತ್ತವರ ಮೇಲೆ ಸಿಟ್ಟಾಗಬಾರದಂತೆ. ನಿಮ್ಮ ಕಾರು ರಿಪೇರಿ ಮಾಡಿದವನಿಗೆ ಅದರಲ್ಲಿ ವಿನಾಯಿತಿ ಬೇಡವೇ? ಕುಳಿತುಕೊಂಡು ಓದಿ. ನೀವು ಯಾರಿಗೂ ಮುಟ್ಟಗೊಡದ ಆ ಕಾರನ್ನು ಈಗ ನಡೆಸುತ್ತಿರುವುದು ನಿಮ್ಮ ಹೆಂಡತಿ, ನಮ್ಮ ಕಾಕು. ಕೊಣ್ಣೂರಿನ ಅಂಗಡಿ ಉಳಿಯಬೇಕೆಂದರೆ ಗಾಣಗಳಿಗೆ ಹೋಗಿ ಬೆಲ್ಲ ನೋಡಿ ತರುವವರು ಬೇಕಲ್ಲ. "ಸುಗ್ಗಿ ಮುಗೀಲಿ, ಗಾಡಿ ಹೊಡಿಯೂದ ಕಲಸ್ತೇನಿ" ಎನ್ನುತ್ತಲೇ ನೀವು...

ಗೋಕಾಕದಿಂದ ಬರುವಾಗ ಆ ಹಳದಿ ಎಂಜಿನ್ ದೀಪ ಮೊದಲ ಸಲ ಹತ್ತಿದ್ದು ನೆನಪಿದೆಯೇ? ನೀವು ಹಿಂದೆ ತಿರುಗಿ, "ಒಂದ ಟಿಕಳಿ ಕೊಡ" ಎಂದಿರಿ. ಕಾಕು ಹಣೆಯಲ್ಲಿದ್ದದ್ದನ್ನೇ ಕಿತ್ತುಕೊಟ್ಟಳು. ದೀಪದ ಮೇಲೆ ಅಂಟಿಸಿ, "ಆತು, ಆರಾಮಾತು" ಎಂದಿರಿ. ಜ್ವರ ಬಂದರೆ ಥರ್ಮಾಮೀಟರ್ ಬಚ್ಚಿಡುವ ಡಾಕ್ಟರು ನೀವು. ನೀವು ಹೋದ ಮೇಲೆ ಕಾಕುವಿನ ಹಣೆಗೆ ವಿಭೂತಿಯಷ್ಟೇ. ಅವಳ ಟಿಕಳಿ ಉಳಿದದ್ದು ಕಾರಿನಲ್ಲಿ ಮಾತ್ರ.

ಹೋದ ತಿಂಗಳು ಘೋಡಗೇರಿ ದಾರಿಯಲ್ಲಿ ಗಾಡಿ ಜಗ್ಗಿ ಜಗ್ಗಿ ನಿಂತೇಬಿಟ್ಟಿತು. ಕಾಕುವಿನ ಅಣ್ಣ ಬಂದು, "ಇನ್ನೊಂದ ಸಲ ನಿಂತರ ಗಾಡಿ ಮಾರಿಬಿಡೂಣು, ತಂಗಿ. ಅಂಗಡೀನೂ ಸಾಕು" ಎಂದರು. ಕಾಕು ನನ್ನ ಮುಖ ನೋಡಿದಳು.

ಮೂಡಲಗಿಯ ಗ್ಯಾರೇಜಿಗೆ ಒಯ್ದೆ. "ಆಕ್ಸಿಜನ್ ಸೆನ್ಸರ್ ಹೋಗೈತ್ರಿ ಸರ್." ಸೈಲೆನ್ಸರಿನ ಹೊಗೆ ಮೂಸಿ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೆಂದು ಹೇಳುವ ಸಾಮಾನು ಅದು. ಬದಲಿಸಿದರು. ಮನೆ ಮುಟ್ಟುವುದರೊಳಗೆ ದೀಪ ಮತ್ತೆ ಹತ್ತಿ ಟಿಕಳಿಯ ಅಂಚಿನಿಂದ ಇಣುಕಿತು. ಹುಕ್ಕೇರಿಗೆ ಒಯ್ದೆ. "ಮೂಡಲಗ್ಯಾಂವ ಡೂಪ್ಲಿಕೇಟ್ ಹಾಕ್ಯಾನ್ರಿ." ಮತ್ತೊಂದು ಹಾಕಿದರು. ಅದೇ ದೀಪ. ಸೆನ್ಸರ್ ಎರಡು ಬಂದವು ಕಾಕಾ, ಸೆನ್ಸ್ ಮಾತ್ರ ಯಾರಿಗೂ ಬರಲಿಲ್ಲ, ನನಗೂ. ಸೆನ್ಸರ್ ಸರಿ ಇದ್ದು, ಅದರ ಮಾತು ಒಯ್ಯುವ ತಂತಿಯೇ ಕೆಟ್ಟಿರಬಹುದೆಂದು ಯಾಕೆ ಹೊಳೆಯಲಿಲ್ಲ? ತಂತಿ ನೋಡದೆ ಅತಂತ್ರನಾದೆ.

ಕೊನೆಗೆ ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಿಂದ ಕರೆಂಟ್ ಅಳೆಯುವ ಮೀಟರ್ ತಂದೆ. ಕಾಕು ಒಂದೊಂದೇ ತಂತಿ ಅಲುಗಾಡಿಸಿದಳು, ನಾನು ಮುಳ್ಳು ನೋಡಿದೆ. ಒಂದು ತಂತಿಗೆ ಮುಳ್ಳು ಕುಣಿಯಿತು. ಟಾರ್ಚ್ ಹಿಡಿದು ಬಗ್ಗಿದ ಕಾಕು, "ಏ, ಇದು ನಮ್ಮ ಬೆಲ್ಲದ ಚೀಲದ ಸುತಳಿ ಅಲ್ಲೇನೋ" ಎಂದಳು.

ಜೋತುಬಿದ್ದ ತಂತಿಯನ್ನು ಬೆಲ್ಲ ಮೆತ್ತಿದ ಸುತಳಿಯಿಂದ ಕಟ್ಟಿದ್ದಿರಾ, ಪುಣ್ಯಾತ್ಮರೇ? ಇಲಿ ಸುತಳಿಯನ್ನು ಊಟ ಮಾಡಿ, ಕೈತೊಳೆಯುವ ಮುಂಚೆ ತಂತಿಯನ್ನೂ ಕಡಿದಿದೆ. ತಾಮ್ರ ಬತ್ತಲೆಯಾಗಿ ಆಗಾಗ ಕಾರಿನ ಲೋಹದ ಮೈಗೆ ತಗಲುತ್ತಿತ್ತು. ಸೆನ್ಸರ್ ಎರಡಲ್ಲ, ಹತ್ತು ಬದಲಿಸಿದರೂ ಅಷ್ಟೇ.

"ಹೋದವರನ್ನ ಬೈಬ್ಯಾಡ" ಎಂದಳು ಕಾಕು. ಆಮೇಲೆ ತಾನೇ ಬೈದಳು, ಅದನ್ನಿಲ್ಲಿ ಬರೆಯಲಾರೆ.

ಕೆಟ್ಟ ತುಂಡು ಕತ್ತರಿಸಿ ಹೊಸ ತಂತಿ ಬೆಸೆದೆ, ಮೇಲೆ ಸ್ಲೀವ್ ಹಾಕಿದೆ, ಸೈಲೆನ್ಸರಿನ ಬಿಸಿ ತಾಗದಂತೆ ಸರಿಸಿದೆ. ಕಟ್ಟುವುದಕ್ಕೆ ಕಾಕು ಮತ್ತೆ ಸುತಳಿಯನ್ನೇ ತಂದಳು. ಕೈಮುಗಿದು ಕ್ಲಿಪ್ ಹಾಕಿದೆ.

ಗಾಡಿ ಚಾಲೂ ಮಾಡಿ ಉಗುರಿನಿಂದ ಟಿಕಳಿ ಕಿತ್ತೆ. ಕೆಳಗೆ ದೀಪ ಹತ್ತಿರಲಿಲ್ಲ. ಎಸೆಯಲು ಹೋದವನ ಕೈ ಹಿಡಿದು ಕಾಕು, "ತಾ ಇಲ್ಲಿ, ಅದು ನಂದ" ಎಂದಳು. ಕನ್ನಡಿ ನೋಡಿ ಹಣೆಗೆ ಒತ್ತಿದಳು. ಅಂಟು ಹೋಗಿತ್ತು, ಮಡಿಲಿಗೆ ಬಿತ್ತು.

ನಿನ್ನೆ ಒಬ್ಬಳೇ ಘೋಡಗೇರಿ ಗಾಣಕ್ಕೆ ಹೋಗಿ, ಹುಕ್ಕೇರಿ ಸಂತೆ ಮಾಡಿಕೊಂಡು ಬಂದಳು. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಡಿಕ್ಕಿಯಲ್ಲಿ ಬೆಲ್ಲ, ಕೈಚೀಲದಲ್ಲಿ ಒಂದು ಹೊಸ ಟಿಕಳಿ ಪ್ಯಾಕೆಟ್ಟು. ನಾನು ದೀಪದ ಕಡೆ ನೋಡಿದೆ.

"ಅದಕ್ಕಲ್ಲೋ" ಎಂದಳು. ಆಗಲೇ ಒಂದನ್ನು ಹಚ್ಚಿಕೊಂಡಿದ್ದಳು ಕಾಕಾ. ದೊಡ್ಡದು, ನಿಮಗೆ ಸೇರುತ್ತಿದ್ದ ಮರೂನ್ ಬಣ್ಣದ್ದು.

ನಿಮ್ಮ,
ಗೋಕಾಕದ ಅಣ್ಣನ ಮಗ